ಹಳೆಯ ಕಾರಿನಲ್ಲಿ ಪೆಟ್ರೋಲಿನ ವಾಸನೆ
(ಪೋಷಕರ ದಿನದಂದು ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಕಾರ್ಯಕ್ರಮ ಪತ್ರಿಕೆಯಲ್ಲಿ ನಮ್ಮ ಭಾಷಣದ ವಿಷಯವನ್ನು ಕಂಡು ನಿಮ್ಮಲ್ಲಿ ಕೆಲವರು ನಕ್ಕಿರಲೂಬಹುದು. ಶಾಲೆಯ ಸಭೆಯಲ್ಲಿ ಕಾರಿನ ಮಾತೇಕೆಂಬ ಪ್ರಶ್ನೆ ಸಹಜವೇ. ಆದರೆ ತಾಳವಾಡಿಯಿಂದ ಸತ್ಯಮಂಗಲಕ್ಕೂ ಈರೋಡಿಗೂ ಸ್ಪರ್ಧೆಗಳಿಗೆಂದು ನಿಮ್ಮ ಮಕ್ಕಳನ್ನು ಕರೆದೊಯ್ಯುವುದು ಸಂಘದ ಆ ಹಳೆಯ ಅಂಬಾಸಿಡರ್ ಕಾರೇ. ಅದರೊಳಗೆ ಪೆಟ್ರೋಲಿನ ವಾಸನೆ ಬರುತ್ತಿದ್ದಿತೆಂಬುದನ್ನೂ ಅದಕ್ಕೆ ನಾವೇನು ಮಾಡಿದೆವೆಂಬುದನ್ನೂ ತಿಳಿಯುವ ಹಕ್ಕು ನಿಮಗಿದೆ.

ಅಂಬಾಸಿಡರ್ ಎಂಬ ಹೆಸರು ಇಂದಿನ ಮಕ್ಕಳಿಗೆ ಅಪರಿಚಿತವಾಗುತ್ತಿದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯನ್ನನುಸರಿಸಿ, ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹೆಚ್ಚುಕಡಿಮೆ 1958ರಿಂದ 2014ರವರೆಗೆ ಇದನ್ನು ತಯಾರಿಸಿದರು. ಅರ್ಧ ಶತಮಾನಕ್ಕೂ ಮೀರಿ ಒಂದೇ ಆಕೃತಿಯಲ್ಲಿ ಉಳಿದ ವಾಹನಗಳು ಜಗತ್ತಿನಲ್ಲಿಯೇ ವಿರಳ. ಇದರ ಭಾಗಗಳು ಕಣ್ಣಿಗೆ ಕಾಣುವಂಥವು, ಕೈಗೆ ಸಿಗುವಂಥವು. ಬಾನೆಟ್ಟನ್ನು ಎತ್ತಿದರೆ ಪಾಠ ಮಾಡಬಹುದಾದ ಕಾರು ಇದು; ಈ ಕಾರಣಕ್ಕಾಗಿಯೇ ನಮಗೆ ಅದರ ಮೇಲೆ ಮಮತೆ.

ವಾಸನೆಯ ಸಂಗತಿಯನ್ನು ಮೊದಲು ಹೇಳಿದವಳು ಏಳನೆಯ ತರಗತಿಯ ಒಬ್ಬ ಬಾಲಕಿ. ಚಾಲಕರು ತಮಗೇನೂ ತಿಳಿಯದೆಂದರು. ಅವರು ಸುಳ್ಳಾಡಲಿಲ್ಲ. ಮಲ್ಲಿಗೆ ಮುಡಿದವಳಿಗೆ ಕೆಲವು ನಿಮಿಷಗಳಲ್ಲಿಯೇ ತನ್ನ ಹೂವಿನ ಪರಿಮಳ ತಿಳಿಯದಂತಾಗುತ್ತದೆ, ಎದುರಿಗೆ ಬಂದವರಿಗೆ ಮಾತ್ರ ತಿಳಿಯುತ್ತದೆ. ನಿತ್ಯವೂ ಅದೇ ಕಾರಿನಲ್ಲಿ ಕುಳಿತವರ ಮೂಗಿನ ಸ್ಥಿತಿಯೂ ಇದೇ. ಆದುದರಿಂದ ಹೊಸದಾಗಿ ಹತ್ತಿದವರು ವಾಸನೆ ಎಂದರೆ ನಂಬಬೇಕು. ಒಬ್ಬ ಹಿತೈಷಿಗಳು ಕಾರಿನಲ್ಲಿ ಊದಿನಕಡ್ಡಿ ಹಚ್ಚಿಡಿರೆಂದು ಸಲಹೆಯಿತ್ತರು! ಅವರ ಸದುದ್ದೇಶವನ್ನು ಗೌರವಿಸುತ್ತ, ಅದನ್ನು ಯಾರೂ ಎಂದಿಗೂ ಮಾಡಕೂಡದೆಂದು ಇಲ್ಲಿ ಒತ್ತಿ ಹೇಳುತ್ತೇವೆ.

ಕಾರಣ ಹೀಗಿದೆ. ಪೆಟ್ರೋಲು ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿಯೂ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದುದರಿಂದ ಮೇಲಕ್ಕೆ ಹಾರಿಹೋಗದೆ ಕಾರಿನ ತಳದಲ್ಲಿ, ಡಿಕ್ಕಿಯ ಮೂಲೆಯಲ್ಲಿ, ಶೆಡ್ಡಿನ ನೆಲದಲ್ಲಿ ನೀರಿನಂತೆ ನಿಲ್ಲುತ್ತದೆ. ನೂರು ಭಾಗ ಗಾಳಿಯಲ್ಲಿ ಅದು ಸುಮಾರು ಒಂದೂವರೆ ಭಾಗವಾದರೆ ಒಂದು ಕಿಡಿ ಸಾಕು. ಬೆಂಕಿಯಿಲ್ಲದೆ ಹೊಗೆಯಾಡದೆಂದು ಹಿರಿಯರು ಹೇಳುತ್ತಾರೆ; ಪೆಟ್ರೋಲಿನ ವಿಷಯದಲ್ಲಿ ಹೊಗೆ ಕಾಣುವವರೆಗೆ ಕಾದರೆ ಕಾಲ ಮಿಂಚಿರುತ್ತದೆ. ಆ ಮಟ್ಟವನ್ನು ಮುಟ್ಟುವುದಕ್ಕೆ ಬಹಳ ಮುಂಚೆಯೇ ನಮಗೆ ವಾಸನೆ ತಿಳಿಯುವುದು ನಮ್ಮ ಭಾಗ್ಯ. ಅಲ್ಲದೆ ಪೆಟ್ರೋಲಿನಲ್ಲಿ ಸ್ವಲ್ಪ ಪ್ರಮಾಣದಲ್ಲಿರುವ ಬೆಂಜೀನ್ ಕ್ಯಾನ್ಸರ್ ಉಂಟುಮಾಡುವ ವಸ್ತು. ಈ ವಾಸನೆ ಹಿತವೆಂದು ಮೂಸುವ ಹುಡುಗರಿದ್ದರೆ ಕೇಳಿಸಿಕೊಳ್ಳಿರಿ.

ಬಾಲಕಿ ಹೇಳಿದ ದಿನವೇ ಮಕ್ಕಳನ್ನು ಕಾರಿಗೆ ಹತ್ತಿಸುವುದನ್ನು ನಿಲ್ಲಿಸಿದೆವು. ಎರಡು ಸ್ಪರ್ಧೆಗಳಿಗೆ ಮಕ್ಕಳು ಬಸ್ಸಿನಲ್ಲಿ ಹೋಗಿಬಂದರು. ಆಡಳಿತ ಮಂಡಳಿಯಲ್ಲಿ ಕೆಲವರು ಕಾರನ್ನು ಗುಜರಿಗೆ ಹಾಕೋಣವೆಂದರು, ಕೆಲವರು ಎಲ್ಲ ಕೊಳವೆಗಳನ್ನೂ ಒಮ್ಮೆಗೇ ಬದಲಾಯಿಸೋಣವೆಂದರು. ಕಾರಣ ತಿಳಿಯದೆ ಹಣ ಸುರಿಯುವುದು ನಮಗೆ ಒಪ್ಪಿಗೆಯಾಗಲಿಲ್ಲ. ವಾಸನೆ ಎಲ್ಲಿಂದ ಬರುತ್ತದೆಂದು ಕೇಳುವ ಮೊದಲು ಯಾವಾಗ ಬರುತ್ತದೆಂದು ಕೇಳಬೇಕು. ಬೆಳಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡುವಾಗಲೊ, ಟ್ಯಾಂಕು ತುಂಬಿಸಿದ ಮೇಲೊ, ಓಡುತ್ತಿರುವಾಗಲೊ, ಬಿಸಿಯಾದ ಎಂಜಿನ್ನನ್ನು ನಿಲ್ಲಿಸಿದ ಮೇಲೊ? ಒಂದೊಂದು ಉತ್ತರವೂ ಕಾರಿನ ಒಂದೊಂದು ಭಾಗವನ್ನು ಬೊಟ್ಟುಮಾಡಿ ತೋರಿಸುತ್ತದೆ.

ಇಲ್ಲಿ ನಮಗೆ ನೆರವಾದುದು ಸಂಘದ ಲೆಕ್ಕಪುಸ್ತಕ. ಯಾವ ದಿನ, ಯಾವ ಊರಿನಲ್ಲಿ, ಎಷ್ಟು ಲೀಟರ್ ಹಾಕಿಸಿದರೆಂಬುದನ್ನು ಚಾಲಕರು ತಪ್ಪದೆ ಬರೆದಿಟ್ಟಿದ್ದರು. ಒಂಬತ್ತನೆಯ ತರಗತಿಯವರು, ಪ್ರಯಾಣ ಮಾಡಿದ ಮಕ್ಕಳನ್ನೂ ಶಿಕ್ಷಕರನ್ನೂ ವಿಚಾರಿಸಿ, ಅವರ ಮಾತುಗಳನ್ನು ಪುಸ್ತಕದ ದಿನಾಂಕಗಳ ಪಕ್ಕದಲ್ಲಿ ಬರೆದರು. ದಿಂಬಂ ಘಟ್ಟದಲ್ಲಿ 27 ಕಡಿದಾದ ತಿರುವುಗಳಿರುವುದನ್ನು ನೀವೆಲ್ಲರೂ ಬಲ್ಲಿರಿ. ಇಳಿಯುವಾಗ ಯಾರಿಗೂ ವಾಸನೆ ಬಂದಿರಲಿಲ್ಲ. ಹಿಂದಿರುಗಿ ಹತ್ತುವಾಗ, ಅದೂ ಸತ್ಯಮಂಗಲದಲ್ಲಿ ಟ್ಯಾಂಕು ತುಂಬಿಸಿದ ದಿನಗಳಲ್ಲಿ ಮಾತ್ರ, ಹಿಂದಿನ ಸೀಟಿನವರಿಗೆ ತಲೆ ಸುತ್ತಿದ್ದಿತು. ಕಿಟಕಿ ತೆರೆದರೆ ವಾಸನೆ ಹೆಚ್ಚಾಗುತ್ತಿತ್ತೆಂದೂ ಇಬ್ಬರು ಹೇಳಿದರು. ಇದು ವಿಚಿತ್ರವಾಗಿ ತೋರಬಹುದು. ಓಡುವ ಕಾರಿನ ತೆರೆದ ಕಿಟಕಿ ಒಳಗಿನ ಗಾಳಿಯನ್ನು ಹೊರಕ್ಕೆ ಸೆಳೆಯುತ್ತದೆ; ಆ ಜಾಗವನ್ನು ತುಂಬಲು ಡಿಕ್ಕಿಯ ಸಂದುಗಳಿಂದ ಗಾಳಿ ಒಳಕ್ಕೆ ಬರುತ್ತದೆ. ಹಾಗಾದರೆ ದೋಷ ಕಾರಿನ ಹಿಂಭಾಗದಲ್ಲಿದೆ. ತುಂಬಿದ ಟ್ಯಾಂಕಿನಲ್ಲಿ, ತಿರುವಿನಲ್ಲಿ ಪೆಟ್ರೋಲು ಹೊಯ್ದಾಡಿ ಮುಟ್ಟುವಷ್ಟು ಎತ್ತರದಲ್ಲಿದೆ. ಕಾರನ್ನು ಮುಟ್ಟದೆಯೇ ಇಷ್ಟನ್ನು ಮಕ್ಕಳು ಕಂಡುಕೊಂಡರೆಂಬುದು ನಮಗೆ ಅಪಾರ ಸಂತೋಷ ತಂದಿತು.

ಅನಂತರ ಕಾರನ್ನು ಬಯಲಿಗೆ ತಳ್ಳಿಸಿ, ಎಂಜಿನ್ನು ಪೂರ್ಣ ತಣ್ಣಗಾದ ಮೇಲೆ ಮೆಕ್ಯಾನಿಕರನ್ನು ಕರೆಸಿದೆವು. ಮಕ್ಕಳನ್ನು ದೂರ ನಿಲ್ಲಿಸಿ, ಮೊಬೈಲುಗಳನ್ನು ಕಚೇರಿಯಲ್ಲಿರಿಸಿ, ಬೆಂಕಿ ನಂದಿಸುವ ಒಣಪುಡಿಯ ಸಿಲಿಂಡರನ್ನು ಹತ್ತಿರ ಇಟ್ಟುಕೊಂಡೆವು. ಬಕೆಟ್ಟಿನ ನೀರು ಈ ಬೆಂಕಿಗೆ ಸಲ್ಲದು. ಪೆಟ್ರೋಲು ನೀರಿನ ಮೇಲೆ ತೇಲಿ ಉರಿಯನ್ನು ಇನ್ನಷ್ಟು ಹರಡುತ್ತದೆ. ಮುಂದಿನ ಉಪಾಯಕ್ಕೆ ಬೇಕಾದ ಸಾಮಗ್ರಿ ಯಾವ ಶಾಲೆಯಲ್ಲಿಯೂ ಉಂಟು: ಸೀಮೆಸುಣ್ಣದ ಪುಡಿ. ಟ್ಯಾಂಕಿನ ಸುತ್ತಲ ಜೋಡಣೆಗಳನ್ನೆಲ್ಲ ಬಟ್ಟೆಯಿಂದ ಒರೆಸಿ ಪುಡಿಯನ್ನು ಸವರಿದರು. ನಾಲ್ವರು ಶಿಕ್ಷಕರು ಎರಡೂ ಬದಿಯಲ್ಲಿ ನಿಂತು ಕಾರನ್ನು ತೊಟ್ಟಿಲಿನಂತೆ ಅಲುಗಾಡಿಸಿದರು. ಸ್ವಲ್ಪ ಹೊತ್ತಿನಲ್ಲಿ, ಪೆಟ್ರೋಲ್ ಸುರಿಯುವ ಕೊಳವೆಯನ್ನು ಟ್ಯಾಂಕಿಗೆ ಸೇರಿಸುವ ರಬ್ಬರ್ ಹೋಸಿನ ಕೆಳಮೈಯಲ್ಲಿ ಬಿಳಿಯ ಪುಡಿ ಒದ್ದೆಯಾಗಿ ಕಪ್ಪಾಯಿತು. ಮೇಲಿನಿಂದ ನೋಡಿದರೆ ಆ ಹೋಸು ಹೊಸದರಂತಿದ್ದಿತು. ಕೆಳಗೆ ಕೈಯಾಡಿಸಿದರೆ ಬಿರುಕುಗಳು. ಯಾವ ಕಾಲದಲ್ಲಿಯೊ ಯಾರೊ ಪೆಟ್ರೋಲಿಗೆ ಹೊಂದದ, ನೀರಿಗೆ ಬಳಸುವ ಹೋಸನ್ನು ಕತ್ತರಿಸಿ ಹಾಕಿದ್ದರು.

ಇದರ ಹಿನ್ನೆಲೆಯಲ್ಲಿ ಇನ್ನೊಂದು ಸಂಗತಿಯುಂಟು. ನಮ್ಮ ದೇಶದಲ್ಲಿ ಪೆಟ್ರೋಲಿಗೆ ಎಥೆನಾಲ್ ಬೆರೆಸುವುದು 2003ರಲ್ಲಿ ನೂರಕ್ಕೆ 5ರಂತೆ ಆರಂಭವಾಗಿ, 2022ರಲ್ಲಿ 10ನ್ನೂ 2025ರಲ್ಲಿ 20ನ್ನೂ ತಲಪಿತು. ಹಳೆಯ ಕಾರುಗಳ ರಬ್ಬರು ಈ ಮಿಶ್ರಣಕ್ಕಾಗಿ ತಯಾರಾದುದಲ್ಲ. ಅದು ಊದುತ್ತದೆ, ಮೆದುವಾಗುತ್ತದೆ, ಕಡೆಗೆ ಬಿರಿಯುತ್ತದೆ. ಎಥೆನಾಲ್ ಗಾಳಿಯ ತೇವವನ್ನೂ ಹೀರಿಕೊಳ್ಳುವುದರಿಂದ ಬಹಳ ದಿನ ನಿಂತ ಕಾರಿನ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿಯುವುದುಂಟು. ಮನೆಯಲ್ಲಿ ಹಳೆಯ ಸ್ಕೂಟರನ್ನೊ ಪೆಟ್ರೋಲ್ ಪಂಪ್‌ಸೆಟ್ಟನ್ನೊ ಇಟ್ಟುಕೊಂಡಿರುವ ಪೋಷಕರು ಅದರ ಹೋಸನ್ನು ಒಮ್ಮೆ ಬೆರಳಿನಿಂದ ಒತ್ತಿ ನೋಡಿರಿ.

ಹೋಸನ್ನು ಬದಲಾಯಿಸಿದರೂ ಕಥೆ ಮುಗಿಯಲಿಲ್ಲ. ಬಿಸಿಯಾದ ಎಂಜಿನ್ನನ್ನು ನಿಲ್ಲಿಸಿದಾಗ ಮುಂಭಾಗದಲ್ಲಿ ನವಿರಾದ ವಾಸನೆ ಉಳಿಯಿತು. ಪೆಟ್ರೋಲಿನ ಹಗುರವಾದ ಅಂಶಗಳು 40 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯತೊಡಗುವುದರಿಂದ, ಘಟ್ಟ ಹತ್ತಿ ನಿಂತ ಹಳೆಯ ಕಾರಿನ ಕಾರ್ಬುರೇಟರಿನಲ್ಲಿ ಕೆಲವು ನಿಮಿಷ ಇಂಥ ವಾಸನೆ ಸಹಜ. ಆದರೆ ಇಲ್ಲಿ ಕಾರ್ಬುರೇಟರಿನ ಹೊರಮೈಯಲ್ಲಿ ಕಂದು ಬಣ್ಣದ ಜಿಡ್ಡಿನ ಕಲೆ ಕಂಡಿತು. ಅದು ತುಳುಕಿ ಒಣಗಿದ ಪೆಟ್ರೋಲಿನ ಗುರುತು. ಕಾರ್ಬುರೇಟರಿನ ಬಟ್ಟಲಿನಲ್ಲಿ ಒಂದು ತೇಲುಬುರುಡೆ ಇರುತ್ತದೆ. ಪೆಟ್ರೋಲು ಏರಿದಂತೆ ಅದೂ ಏರಿ, ಒಂದು ಸೂಜಿಯನ್ನು ತಳ್ಳಿ ದಾರಿಯನ್ನು ಮುಚ್ಚುತ್ತದೆ; ಸೂಜಿಯ ತುದಿ ಸವೆದಿದ್ದರೆ ಬಟ್ಟಲು ತುಂಬಿ ತುಳುಕುತ್ತದೆ. ನಮ್ಮಲ್ಲಿ ಆದದ್ದೂ ಅದೇ. ಪಂಪಿನ ಡಯಾಫ್ರಮ್ಮು ಹರಿದಿದ್ದರೆ ಪೆಟ್ರೋಲು ಎಂಜಿನ್ ಎಣ್ಣೆಗೆ ಸೇರುವುದುಂಟು. ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ನೋಡಿದೆವು, ಅದು ಶುದ್ಧವಾಗಿದ್ದಿತು.

ಸೂಜಿಯ ಮಾತು ಬಂದಿತಾಗಿ ಒಂದು ಹಳೆಯ ವೃತ್ತಾಂತ. 1888ರಲ್ಲಿ ಜರ್ಮನಿಯ ಬೆರ್ಟಾ ಬೆಂಜ್ ಎಂಬ ಮಹಿಳೆ ತನ್ನ ಇಬ್ಬರು ಮಕ್ಕಳೊಡನೆ ಪತಿಯ ಹೊಸ ಮೋಟಾರು ಗಾಡಿಯಲ್ಲಿ ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಹೊರಟಾಗ ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಿತಂತೆ. ಆಕೆ ಟೋಪಿಗೆ ಸಿಕ್ಕಿಸಿದ್ದ ಸೂಜಿಯಿಂದ ಅದನ್ನು ಬಿಡಿಸಿದಳು, ಇಂಧನವನ್ನು ಔಷಧದ ಅಂಗಡಿಯಲ್ಲಿ ಕೊಂಡಳು. ನಮ್ಮ ಬಾಲಕಿಯರು ಈ ಹೆಸರನ್ನು ನೆನಪಿಡಲಿ.

ಈಗ ಟ್ಯಾಂಕಿನ ಹೋಸನ್ನೂ ಬಾನೆಟ್ಟಿನೊಳಗಿನ ಇಂಧನದ ಹೋಸುಗಳನ್ನೂ ಎಥೆನಾಲ್ ತಾಳುವ ಜಾತಿಯವುಗಳಿಗೆ ಬದಲಾಯಿಸಿದ್ದೇವೆ. ಸೂಜಿಯೂ ಅದರ ಪೀಠವೂ ಹೊಸವು. ಟ್ಯಾಂಕು ತುಂಬಿಸಿ, ಶಿಕ್ಷಕರು ಮಾತ್ರ ಕುಳಿತು, ಮೂರು ಸಲ ದಿಂಬಂ ಹತ್ತಿದ್ದೇವೆ. ಪ್ರತಿ ಸಲವೂ ಅದುವರೆಗೆ ಕಾರಿನಲ್ಲಿ ಕೂರದಿದ್ದವರೊಬ್ಬರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಅವರ ಮಾತನ್ನು ಬರೆದುಕೊಂಡಿದ್ದೇವೆ. ಆ ಪುಸ್ತಕವು ವಾಚನಾಲಯದ ಮೇಜಿನ ಮೇಲಿದೆ. ಮುಂದಿನ ಶನಿವಾರ ಐವರು ಮಕ್ಕಳು ಪ್ರಬಂಧ ಸ್ಪರ್ಧೆಗೆ ಈರೋಡಿಗೆ ಹೋಗಬೇಕಾಗಿದೆ. ಅವರ ತಂದೆತಾಯಿಗಳು ಸಭೆ ಮುಗಿದ ಮೇಲೆ ಪುಸ್ತಕವನ್ನು ಓದಿ, ಕಾರಿನಲ್ಲಿಯೂ ಸ್ವಲ್ಪ ಹೊತ್ತು ಕುಳಿತು ನೋಡಿ, ಕಾರೊ ಬಸ್ಸೊ ಎಂಬುದನ್ನು ಕಚೇರಿಗೆ ತಿಳಿಸಬೇಕಾಗಿ ಕೋರುತ್ತೇವೆ.