ಹೂಳು ಹೇಳಿದ ಕಥೆ



ಬೇಸಿಗೆಯಲ್ಲಿ ಕೆರೆಯ ಹೂಳೆತ್ತುವುದನ್ನು ತಾವು ಕಂಡಿರಬಹುದು. ಗುದ್ದಲಿ ಬಿದ್ದ ಕಡೆ ಸ್ವಲ್ಪ ನಿಂತು ನೋಡಿದರೆ ಮಣ್ಣು ಪದರ ಪದರವಾಗಿ ಕಾಣುತ್ತದೆ. ಒಂದು ಕಪ್ಪು, ಒಂದು ಬೂದು, ಇನ್ನೊಂದರಲ್ಲಿ ಮರಳು ಹೆಚ್ಚು. ಕೆರೆ ತನ್ನ ದಿನಚರಿಯನ್ನು ತಾನೇ ಬರೆದಿಡುತ್ತದೆ. ಅಡಿಯ ಪುಟ ಹಳೆಯದು, ಮೇಲಿನದು ಹೊಸದು. ಇಂಥದೊಂದು ದಿನಚರಿಯಿಂದ ನಮ್ಮ ಪೂರ್ವಿಕರ ಸಂಗತಿ ತಿಳಿದುಬಂದ ಬಗೆಯನ್ನು ಈ ಹೊತ್ತು ಹೇಳುತ್ತೇನೆ.

ಪೂರ್ವ ಆಫ್ರಿಕದ ಕೀನ್ಯ ದೇಶದಲ್ಲಿ, ಭೂಮಿ ಸೀಳಿ ಉಂಟಾದ ಮಹಾ ಕಣಿವೆಯೊಳಗೆ, ಓಲೋರ್ಗೆಸೈಲಿ ಎಂಬ ಸ್ಥಳವಿದೆ. ಸುಮಾರು 12 ಲಕ್ಷ ವರ್ಷಗಳ ಹಿಂದಿನಿಂದ 5 ಲಕ್ಷ ವರ್ಷಗಳ ಹಿಂದಿನವರೆಗೆ ಅಲ್ಲಿ ಬಾಳಿದವರು ಮುಖ್ಯವಾಗಿ ನೆಚ್ಚಿದ್ದು ಒಂದೇ ಆಯುಧವನ್ನು: ಮುಷ್ಟಿಯಲ್ಲಿ ಹಿಡಿಯುವ ದಪ್ಪ ಕಲ್ಲಿನ ಕೈಗೊಡಲಿ. ಏಳು ಲಕ್ಷ ವರ್ಷ ಕಳೆದರೂ ಅದರಲ್ಲಿ ಹೆಚ್ಚಿನ ಮಾರ್ಪಾಡಿಲ್ಲ. ಆದರೆ 3,20,000 ವರ್ಷಗಳ ಹಿಂದಿನ ಪದರಕ್ಕೆ ಬಂದರೆ ನೋಟವೇ ಬೇರೆ. ಸಣ್ಣ, ನಯವಾದ ಉಪಕರಣಗಳು. ಹತ್ತಾರು ಕಿಲೋಮೀಟರು ದೂರದಿಂದ ಬಂದ, ಗಾಜಿನಂತೆ ಹೊಳೆಯುವ ಕಪ್ಪು ಜ್ವಾಲಾಮುಖಿ ಶಿಲೆ. ಬಣ್ಣಕ್ಕೆಂದು ಬಳಸಿದ ಕಲ್ಲು. ದೂರದ ಕಲ್ಲು ಕೈಗೆ ಬರಬೇಕಾದರೆ ದೂರದ ಜನರೊಡನೆ ಕೊಡುಕೊಳ್ಳುವಿಕೆ ಇದ್ದಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ.

ನಡುವೆ ಆದುದೇನು? ಅದನ್ನು ಹೇಳಬೇಕಾದ 1,80,000 ವರ್ಷಗಳ ಮಣ್ಣೇ ಅಲ್ಲಿ ಕೊಚ್ಚಿಹೋಗಿದೆ. ಕಥೆ ತಿರುಗುವ ಅಧ್ಯಾಯವೇ ಹರಿದುಹೋದ ಪುಸ್ತಕದಂತೆ!

2012ರಲ್ಲಿ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ರಿಕ್ ಪಾಟ್ಸ್ ಅವರ ತಂಡವು ಸಮೀಪದ ಕೂರಾ ಎಂಬ ತಗ್ಗಿನಲ್ಲಿ ಬೈರಿಗೆ ಇಳಿಸಿತು. ಬಾವಿ ಕೊರೆಯುವವರಿಗೆ ನೀರು ಬೇಕು, ಮಣ್ಣು ಬೇಡ. ಇವರಿಗೆ ಮಣ್ಣೇ ಬೇಕು. ಅದೂ ಪದರ ಕದಡದೆ, ಬಾಳೆಯ ದಿಂಡಿನಂತೆ ಮೇಲೆ ಬರಬೇಕು. ಬಂದ ದಿಂಡಿನ ಅಡ್ಡಗಲ ಕೇವಲ 4 ಸೆಂಟಿಮೀಟರು, ಉದ್ದ 139 ಮೀಟರು. ಅದರಲ್ಲಿ ಅಡಗಿದ್ದುದು 10 ಲಕ್ಷ ವರ್ಷಗಳ ಚರಿತ್ರೆ.

ಇದನ್ನು ಓದುವುದು ಹೇಗೆ? ನಡುನಡುವೆ ಜ್ವಾಲಾಮುಖಿಯ ಬೂದಿ ಉಂಟು. ಬೂದಿಯ ಹರಳುಗಳಲ್ಲಿ ಕಾಲಕ್ರಮೇಣ ಶೇಖರವಾಗುವ ಆರ್ಗಾನ್ ಅನಿಲವನ್ನು ಅಳೆದು ವಯಸ್ಸನ್ನು ಗೊತ್ತುಮಾಡುತ್ತಾರೆ. ಡಯಾಟಮ್ ಎಂಬ ಸೂಕ್ಷ್ಮ ಪಾಚಿಗೆ ಗಾಜಿನಂಥ ಚಿಪ್ಪಿದೆ. ಯಾವ ಜಾತಿಯ ಚಿಪ್ಪೆಂದು ನೋಡಿ ನೀರು ಸಿಹಿಯೋ ಉಪ್ಪೋ ತಿಳಿಯುತ್ತಾರೆ. ಗಿಡ ಕೊಳೆತರೂ ಅದರೊಳಗಿನ ಮರಳುದ್ರವ್ಯದ ಕಣಗಳು ಉಳಿಯುತ್ತವೆ. ಅವುಗಳ ಆಕಾರವೇ ಅಲ್ಲಿ ಹುಲ್ಲಿತ್ತೋ ಮರವಿತ್ತೋ ಹೇಳುತ್ತದೆ.

2020ರಲ್ಲಿ ಫಲಿತಾಂಶ ಪ್ರಕಟವಾಯಿತು. ಬಹುಕಾಲ ಅಲ್ಲಿ ನೀರಿನ ಆಸರೆ ಹೆಚ್ಚುಕಡಿಮೆ ನಿಶ್ಚಿತವಾಗಿತ್ತು, ಹುಲ್ಲುಗಾವಲು ವಿಶಾಲವಾಗಿತ್ತು. ಸುಮಾರು 4 ಲಕ್ಷ ವರ್ಷಗಳ ಹಿಂದೆ ನೆಲ ಬಿರಿಯಿತು. ದೊಡ್ಡ ಕೊಳ್ಳಗಳು ಒಡೆದು ಸಣ್ಣ ಸಣ್ಣವಾದವು. ಸಣ್ಣ ಕುಂಟೆ ಒಂದು ಮಳೆಗೆ ತುಂಬುತ್ತದೆ, ಒಂದು ಬೇಸಿಗೆಗೆ ಬತ್ತುತ್ತದೆ. ಅಲ್ಲಿಯೂ ಹಾಗೆಯೇ ಆಯಿತು. ಹುಲ್ಲು ಹೋಗಿ ಮರ, ಮರ ಹೋಗಿ ಹುಲ್ಲು, ಹೀಗೆ ಮತ್ತೆ ಮತ್ತೆ ಬದಲಾಯಿತು. ದೊಡ್ಡ ಮೈಯ ಹುಲ್ಲುಮೇಯುವ ಪ್ರಾಣಿಗಳು ಅಳಿದು, ಸಣ್ಣ ಮೈಯವು ಅವುಗಳ ಸ್ಥಾನಕ್ಕೆ ಬಂದವು.

ಕೈಗೊಡಲಿ ಮರೆಯಾಗಿ ಹೊಸ ಬಾಳುವೆ ಮೂಡಿದ್ದು ಇದೇ ಅವಧಿಯಲ್ಲಿ. ಇದೇ ಕಾರಣವೆಂದು ಆಣೆಯಿಟ್ಟು ಹೇಳಲಾಗದು. ಎರಡು ಸಂಗತಿ ಒಟ್ಟಿಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದರ ಮಗುವಾಗದು. ಇದು ಒಂದು ಸೀಮೆಯ ಸಾಕ್ಷ್ಯವೂ ಹೌದು. ಆದರೂ ಮಳೆಯೊಂದೇ ಅಲ್ಲ, ಕಾಲಡಿಯ ನೆಲವೂ ಮನುಷ್ಯನ ಬಾಳನ್ನು ತಿದ್ದಿರಬಹುದೆಂದು ಈ ದಿಂಡು ತೋರಿಸಿದೆ. ನಾಳೆಯ ನೀರು ಎಲ್ಲಿ ಸಿಕ್ಕೀತೆಂದು ತಿಳಿಯದಾದಾಗ, ದೂರದವರ ನಂಟನ್ನೂ ಹೊಸ ಉಪಾಯವನ್ನೂ ಬಲ್ಲವರೇ ಉಳಿದರೆಂದು ತೋರುತ್ತದೆ. ಮುಂದಿನ ಬಾರಿ ಕೆರೆಯ ದಂಡೆಯಲ್ಲಿ ಹೂಳಿನ ರಾಶಿ ಕಂಡಾಗ ಒಂದು ಗಳಿಗೆ ನಿಂತು ನೋಡಿ. ಅದರಲ್ಲಿಯೂ ಒಂದು ಕಥೆ ಇದ್ದೀತು.