ಗದಗಿನಲ್ಲಿ ಒಂದು ದಿನ ನಿಲ್ಲಿರಿ

(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ದಸರಾ ರಜೆಯಲ್ಲಿ ಮಕ್ಕಳನ್ನು ಲಕ್ಷ್ಮೇಶ್ವರದಿಂದ ಶಿರಹಟ್ಟಿ, ಗದಗ, ಡಂಬಳದ ಮೇಲೆ ಮುಂಡರಗಿಯವರೆಗೆ ಕಾಲ್ನಡಿಗೆಯಲ್ಲಿ ಕರೆದೊಯ್ಯುವ ವಿಚಾರ ನಡೆದಿದೆ. ಖರ್ಚು ಉಳಿಸಲು ಗದಗಿನ ವಿಶ್ರಾಂತಿಯ ದಿನವನ್ನು ತೆಗೆದುಹಾಕೋಣವೆಂದು ಕೆಲವರ ಅಭಿಪ್ರಾಯ. ಬೇಕಾದರೆ ಊಟ ಸಾದಾ ಮಾಡಿರಿ, ಆ ದಿನವನ್ನು ಮಾತ್ರ ಬಿಡಬೇಡಿರಿ ಎಂದು ಕೇಳಿಕೊಳ್ಳಲು ನಿಂತಿದ್ದೇನೆ.

ಬ್ರಿಟನ್ನಿನ ವೇಲ್ಸ್ ನಾಡಿನಲ್ಲಿ ಹೇ-ಆನ್-ವೈ ಎಂಬ ಸಣ್ಣ ಊರಿದೆ. 1960ರ ದಶಕದ ಆರಂಭದಲ್ಲಿ ರಿಚರ್ಡ್ ಬೂತ್ ಎಂಬವರು ಅಲ್ಲಿ ಹಳೆಯ ಪುಸ್ತಕಗಳ ಅಂಗಡಿ ತೆರೆದರು. ಅವರನ್ನು ನೋಡಿ ಇನ್ನೂ ಹಲವು ಅಂಗಡಿಗಳಾಗಿ ಊರೇ ಪುಸ್ತಕದ ಪೇಟೆಯಾಯಿತು. 1971ರಲ್ಲಿ ತೆರೆದ, ಸುಮಾರು 285 ಕಿಲೋಮೀಟರ್ ಉದ್ದದ ಆಫಾಸ್ ಡೈಕ್ ಕಾಲುದಾರಿ ಈ ಊರಿನ ಮೂಲಕವೇ ಹಾಯುತ್ತದೆ. ನಡೆದು ದಣಿದವರು ಅಲ್ಲಿ ಒಂದು ದಿನ ಕಾಲಿಗೆ ಬಿಡುವು ಕೊಟ್ಟು ಪುಸ್ತಕ ಹುಡುಕುತ್ತಾರೆ.

ನಮ್ಮ ಗದಗಿಗೂ 'ಮುದ್ರಣ ಕಾಶಿ' ಎಂಬ ಬಿರುದಿದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಗದಗಿನಲ್ಲಿ ಅಚ್ಚಾದ ಪುಸ್ತಕ ಕಾಣದ ಮನೆ ಅಪರೂಪ. ಸಂಕೇಶ್ವರ, ಶಾಬಾದಿಮಠ ಎಂಬ ಹೆಸರುಗಳನ್ನು ನಿಘಂಟಿನ ಮೇಲೋ ನಾಟಕದ ಪುಸ್ತಕದ ಮೇಲೋ ನೀವು ನೋಡಿಯೇ ಇರುತ್ತೀರಿ. ಮುಂದೆ ಲಾರಿ ಸಾರಿಗೆಯಿಂದಲೂ ಪತ್ರಿಕೆಯಿಂದಲೂ ಹೆಸರಾದ ವಿಜಯ ಸಂಕೇಶ್ವರರು ಇಂಥ ಮುದ್ರಣದ ಮನೆಯಲ್ಲೇ ಬೆಳೆದವರು. ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರು 2018ರಲ್ಲಿ ತೀರಿಕೊಳ್ಳುವವರೆಗೂ ಎಷ್ಟು ಪುಸ್ತಕ ಪ್ರಕಟಿಸಿದರೆಂದರೆ, ಜನ ಅವರನ್ನು 'ಪುಸ್ತಕದ ಸ್ವಾಮೀಜಿ' ಎಂದೇ ಕರೆದರು.

ಇನ್ನು ನಮ್ಮ ಮಕ್ಕಳ ಮಾತು. ಉರ್ದು ಮಾಧ್ಯಮದವರಿಗೆ ಕನ್ನಡ ಪುಸ್ತಕವೆಂದರೆ ಗೈಡು ಮತ್ತು ಪ್ರಶ್ನೋತ್ತರ ಮಾಲೆ. "ಸರ್, ನಮಗ ಕನ್ನಡ ಬರೂದಿಲ್ಲ" ಎಂದು ಲಕ್ಷ್ಮೇಶ್ವರದ ಹುಡುಗನೂ ಅನ್ನುತ್ತಾನೆ! ಹಳೆಯ ಪುಲಿಗೆರೆಯೇ ಅವನ ಊರು. ತಿರುಳ್ಗನ್ನಡದ ನೆಲೆಗಳಲ್ಲಿ ಒಂದೆಂದು ಕವಿರಾಜಮಾರ್ಗ ಎಣಿಸಿದ ಊರು, 10ನೆಯ ಶತಮಾನದ ಪಂಪ ಹೆಮ್ಮೆಯಿಂದ ಹೆಸರಿಸಿದ ಊರು. ಆದಿಲ್‌ಶಾಹಿ ಕಾಲದ ಜುಮ್ಮಾ ಮಸೀದಿಯೂ ಅಲ್ಲಿಯದೇ. ಪುಸ್ತಕದಂಗಡಿಯಲ್ಲಿ ನಿಂತರೆ ಅವನಿಗೆ ಇನ್ನೊಂದು ಸಂಗತಿ ತೋರಿಸಬಹುದು: ಕಾಗದ, ಶಾಯಿ, ದೌತಿ, ಕಿಮ್ಮತ್ತು, ರದ್ದಿ – ಇವೆಲ್ಲ ಫಾರಸಿ, ಅರಬ್ಬಿಗಳಿಂದ ಉರ್ದುವಿಗೂ ಕನ್ನಡಕ್ಕೂ ಬಂದ ಮಾತುಗಳು. ಅರ್ಧ ಅಂಗಡಿ ಅವನ ಮನೆಮಾತಿನಲ್ಲೇ ಇದೆ.

ಒಬ್ಬೊಬ್ಬರಿಗೆ ನೂರು ರೂಪಾಯಿ ಕೊಡೋಣ. ಗೈಡು ಕೊಳ್ಳಕೂಡದು. ನಿಂತಲ್ಲೇ ನಾಲ್ಕು ಪುಟ ಓದಿ ನೋಡಿ, ಅವರೇ ಆರಿಸಲಿ. ನಾವು ಮಾಸ್ತರರು ಹೊರಗೆ ಚಹಾ ಕುಡಿಯುತ್ತ ಇರೋಣ. ಉಬ್ಬಿದ ಕಾಲಿನ ಹುಡುಗ ಮುಂಡರಗಿಯವರೆಗೆ ತಾನೇ ಹೊರಬೇಕಾದ ಪುಸ್ತಕವನ್ನು ಬಹಳ ಯೋಚಿಸಿ ಆರಿಸುತ್ತಾನೆ. ಸಾಲದಿದ್ದರೆ ರದ್ದಿ ಅಂಗಡಿಗೂ ಹೋಗಲಿ, ಅಲ್ಲಿ ಅದೇ ದುಡ್ಡಿಗೆ ಮೂರು ಸಿಕ್ಕಾವು.

ಹೆಣ್ಣುಮಕ್ಕಳ ವಿಷಯ ಯಾರೂ ಎತ್ತಲಿಲ್ಲ, ನಾನೇ ಎತ್ತುತ್ತೇನೆ. ನಡಿಗೆಗೆ ಕಳಿಸಲು ನಿಮಗೆ ಮನಸ್ಸಿಲ್ಲದಿದ್ದರೆ ಆ ಒಂದು ದಿನ ತಾಯಂದಿರ ಜೊತೆ ಬಸ್ಸಿನಲ್ಲಿ ಗದಗಿಗೆ ಕಳಿಸಿರಿ. ಎಸ್ಸೆಸ್ಸೆಲ್ಸಿ ಮುಗಿದೊಡನೆ ಶಾಲೆ ಬಿಡುವ ಹುಡುಗಿಗೆ ಮನೆಯಲ್ಲಿ ಉಳಿಯುವ ಮೇಷ್ಟ್ರು ಆ ಪುಸ್ತಕವೊಂದೇ ಆಗಬಹುದು. ತಾಯಿಗೂ ನೂರು ರೂಪಾಯಿ ಕೊಟ್ಟರೆ ನನ್ನ ತಕರಾರಿಲ್ಲ.

ಅಂಗಡಿಗಳ ರಜೆ ಯಾವ ದಿನವೆಂದು ಮೊದಲೇ ವಿಚಾರಿಸಿಕೊಳ್ಳಿರಿ. ಆ ಹೊತ್ತಿಗೆ ಹಿಂಗಾರಿ ಮಳೆ ಇರುತ್ತದೆ. ಡಂಬಳದ ಹಾದಿಯಲ್ಲಿ ಪುಸ್ತಕ ತೋಯದಂತೆ ಪ್ರತಿಯೊಬ್ಬರ ಚೀಲದಲ್ಲಿ ಒಂದು ಪ್ಲಾಸ್ಟಿಕ್ ಹಾಳೆ ಇರಲಿ.