ಸೀತೆಯ ತ್ಯಾಗ, ಮಗಳ ಸಹಿ



ನಾವಿಂದು ಸೇರಿರುವ ಈ ಕೋಲ್ಕತ್ತಾ ನಗರವು ಈಶ್ವರಚಂದ್ರ ವಿದ್ಯಾಸಾಗರರ ಕರ್ಮಭೂಮಿ. ಅವರ ಹೋರಾಟದ ಫಲವಾಗಿ 1856ರಲ್ಲಿ ವಿಧವಾ ವಿವಾಹಕ್ಕೆ ಕಾನೂನಿನ ಮನ್ನಣೆ ದೊರೆಯಿತು. 1860ರಲ್ಲಿ ಅವರೇ ‘ಸೀತಾರ್ ಬನಬಾಸ್’ ಎಂಬ ಗದ್ಯಕೃತಿಯನ್ನು ಹೊರತಂದರು. ಹೆಣ್ಣಿನ ಬಾಳನ್ನು ಕುರಿತು ಚಿಂತಿಸಿದವರು ಸೀತೆಯ ಕಥೆಗೆ ಮರಳಿದುದು ಸಹಜವೇ ಆಗಿದೆ.

ಆ ಕಥೆಗೆ ನಮ್ಮ ಪರಂಪರೆಯಲ್ಲಿ ಬೇರೊಂದು ಮುಕ್ತಾಯವಿದೆ. ವಾಲ್ಮೀಕಿ ರಾಮಾಯಣದ ಸೀತೆ ಕೊನೆಗೆ ಭೂಮಿಯೊಳಗೆ ಸೇರುತ್ತಾಳೆ. ವಿಮಲಸೂರಿಯ ‘ಪಉಮಚರಿಯ’, ರವಿಷೇಣಾಚಾರ್ಯರ ‘ಪದ್ಮಪುರಾಣ’ಗಳಲ್ಲಿ ಅಗ್ನಿಕುಂಡವು ನೀರಾಗುತ್ತದೆ, ರಾಮನು ಕ್ಷಮೆ ಬೇಡಿ ಅವಳನ್ನು ಮರಳಿ ಕರೆಯುತ್ತಾನೆ. ಸೀತೆ ಒಪ್ಪುವುದಿಲ್ಲ. ತನ್ನ ಕೈಯಿಂದಲೇ ಕೇಶಲೋಚ ಮಾಡಿಕೊಂಡು ಆರ್ಯಿಕೆಯಾಗುತ್ತಾಳೆ. ಮೂರ್ಛೆ ಹೋಗುವವನು ರಾಮ. ಈ ಕಥಾಪರಂಪರೆಯನ್ನು ನಾಗಚಂದ್ರನು ‘ರಾಮಚಂದ್ರಚರಿತಪುರಾಣ’ದ ಮೂಲಕ ಕನ್ನಡಕ್ಕೆ ತಂದನು.

ಇದು ನಮಗೆ ಹೆಮ್ಮೆಯ ಸಂಗತಿ. ಆದರೆ ಗರ್ಭಿಣಿಯಾದ ಅವಳನ್ನು ಜನಾಪವಾದಕ್ಕಂಜಿ ಕಾಡಿಗೆ ಕಳುಹಿಸಿದಾಗ ಅವಳ ಮಾತನ್ನು ಯಾರೂ ಕೇಳಿರಲಿಲ್ಲ. ತನ್ನ ನಿರ್ಧಾರವನ್ನು ತಾನೇ ಕೈಗೊಳ್ಳಲು ಅವಳು ಮನೆಯನ್ನೇ ತೊರೆಯಬೇಕಾಯಿತು. ಮನೆಯೊಳಗಿದ್ದೇ ನಿರ್ಧರಿಸುವ ಅವಕಾಶವನ್ನು ನಾವು ನಮ್ಮ ಹೆಣ್ಣುಮಕ್ಕಳಿಗೆ ಕೊಟ್ಟಿದ್ದೇವೆಯೇ?

ಆಸ್ತಿ ವಿಭಾಗದ ಹೊತ್ತಿನಲ್ಲಿ ಇದಕ್ಕೆ ಉತ್ತರ ತಿಳಿಯುತ್ತದೆ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ಜೈನರಿಗೂ ಅನ್ವಯಿಸುತ್ತದೆ. 2005ರ ತಿದ್ದುಪಡಿಯು ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಜನ್ಮಸಿದ್ಧ ಹಕ್ಕನ್ನು ನೀಡಿದೆ. ಆದರೂ ದೂರದೂರಿನಲ್ಲಿರುವ ಮಗಳನ್ನು ತವರಿಗೆ ಕರೆಸಿ, ಅರಿಸಿನ ಕುಂಕುಮ, ಸೀರೆ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಪಡೆಯುವ ರೂಢಿ ನಿಂತಿಲ್ಲ. ಅದನ್ನು ಅವಳ ತ್ಯಾಗವೆಂದು ಕೊಂಡಾಡುತ್ತೇವೆ.

ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು ಕಳವೆಂದು ನಮ್ಮ ಧರ್ಮ ಕಲಿಸುತ್ತದೆ. ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಹಾಕಿದ ಸಹಿ ದಾನವಾಗುವುದೇ? ಅಪರಿಗ್ರಹವನ್ನು ಹೆಣ್ಣುಮಕ್ಕಳಿಗೆ ಮಾತ್ರ ಬೋಧಿಸಿ, ಗಂಡುಮಕ್ಕಳಿಗೆ ಹೊಲಗದ್ದೆಗಳನ್ನು ಬರೆದುಕೊಟ್ಟರೆ ಅದು ಅಣುವ್ರತವೂ ಆಗದು.

ಆದುದರಿಂದ ನನ್ನ ವಿನಂತಿ ಇಷ್ಟೇ. ಸಹಿ ಕೇಳುವ ಮೊದಲು ಅವಳ ಪಾಲೆಷ್ಟು, ಬೆಲೆಯೆಷ್ಟು ಎಂಬುದನ್ನು ತಿಳಿಸಿರಿ. ಯೋಚಿಸಲು ಸಮಯ ಕೊಡಿರಿ. ಒಲ್ಲೆನೆಂದರೂ ತವರು ತವರಾಗಿಯೇ ಉಳಿಯುವುದೆಂದು ಹಿರಿಯರು ಎಲ್ಲರ ಮುಂದೆ ಹೇಳಲಿ. ಆಮೇಲೆ ಅವಳು ಬಿಟ್ಟುಕೊಟ್ಟರೆ ಅದು ತ್ಯಾಗ. ಉಳಿಸಿಕೊಂಡರೆ ಅದು ನ್ಯಾಯ. ಎರಡನ್ನೂ ಸಮನಾಗಿ ಗೌರವಿಸೋಣ.

ಜೈ ಜಿನೇಂದ್ರ.